ಮುತ್ಯಾನ ಕಿವಿ

ಮೂರು ವರ್ಷದ ಹಿಂದೆ ಆಳಂದ ಕಡೆಯ ಒಬ್ಬ ಯುವಕ ಕಲಬುರಗಿಯ ನನ್ನ ಸ್ಟುಡಿಯೋಗೆ ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಎರಡು ಫೋಟೊ. ಒಂದರಲ್ಲಿ ಅವನ ಮುತ್ಯಾ, ಅಂದರೆ ಅಜ್ಜ, ಪೇಟ ಸುತ್ತಿ, ಶಾಲು ಹೊದ್ದು, ಕೊರಳ ತುಂಬ ಹಾರ ಹಾಕಿಕೊಂಡು ಯಾವುದೋ ಸತ್ಕಾರದ ಕುರ್ಚಿಯಲ್ಲಿ ಕುಳಿತಿದ್ದಾರೆ. ಇನ್ನೊಂದು ಅಂಗೈಯಗಲದ್ದು, ಮಡಚಿ ಗೆರೆ ಬಿದ್ದದ್ದು: ಲಂಗೋಟಿ, ಮೈಗೆಲ್ಲ ಕೆಮ್ಮಣ್ಣು, ಹೆಗಲ ಮೇಲೆ ಗದೆ. ಪೇಟದ ಫೋಟೊ ನೋಡಿ ಆಯಿಲ್ ಪೇಂಟಿಂಗ್ ಮಾಡಿಕೊಡಿ ಅಂದ. ಹೊರಡುವಾಗ ಬಾಗಿಲಲ್ಲಿ ನಿಂತು, "ಸರ್, ಮುತ್ಯಾನ ಕಿವಿ ಜರಾ ಸೀದಾ ಮಾಡ್ರಿ" ಅಂತ ಸೇರಿಸಿದ.

ಮಾಡಿದೆ. ತಪ್ಪು ನನ್ನದೇ. ಚಿತ್ರ ಒಯ್ಯಲು ಬಂದ ದಿನ ಅವನ ಜೊತೆ ಮುತ್ಯಾನ ತಾಲೀಮಿನ ಹಳೆಯ ಗೆಳೆಯರೊಬ್ಬರಿದ್ದರು. ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ, "ಇಂವ ಯಾರ್ರೀ? ಇವನ ಜೋಡಿ ನಾ ಕುಸ್ತಿ ಹಿಡದಿಲ್ಲ" ಅಂದರು.

ಪೈಲ್ವಾನರ ಕಿವಿ ಮುದುಡಿರುವುದು ಹುಟ್ಟಿನಿಂದಲ್ಲ. ಕುಸ್ತಿಯಲ್ಲಿ ತಲೆಗೆ ತಲೆ ಉಜ್ಜಿ, ಪೆಟ್ಟು ಬಿದ್ದು, ಮೃದ್ವಸ್ಥಿಗೂ ಅದರ ಮೇಲಿನ ಪೊರೆಗೂ ನಡುವೆ ರಕ್ತ ಕಟ್ಟುತ್ತದೆ. ಪೊರೆಯಿಂದ ಬರಬೇಕಾದ ಪೋಷಣೆ ತಪ್ಪಿ, ಆ ಜಾಗ ಕ್ರಮೇಣ ಗಟ್ಟಿ ಗಂಟಾಗುತ್ತದೆ. ವರ್ಷಗಟ್ಟಲೆ ಕಣದಲ್ಲಿ ಸವೆಸಿದ್ದು ಆ ಕಿವಿಯಲ್ಲಿ ಕೂತಿರುತ್ತದೆ. ನಾನು ಅದನ್ನು ಎರಡು ತಾಸಿನಲ್ಲಿ ಒರೆಸಿ ಹಾಕಿದ್ದೆ.

ಕ್ರೀಡಾಪಟುವಿನ ಭಾವಚಿತ್ರ ಬರೆಸುವವರಿಗೆ ಅಂದಿನಿಂದ ಮೊದಲು ಕೇಳುವುದು ಒಂದೇ: ಆಟ ಇವರ ಮೈಯಲ್ಲಿ ಎಲ್ಲಿ ಉಳಿದಿದೆ? ಕ್ರಿಕೆಟ್ಟಿನ ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರನ್ನೇ ನೋಡಿ. ಚಿಕ್ಕಂದಿನ ಪೋಲಿಯೊದಿಂದ ಬಲಗೈ ಸೊರಗಿತ್ತು. 1971ರಲ್ಲಿ ಇಂಗ್ಲೆಂಡಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತದ್ದು ಅದೇ ಕೈ. ಎರಡೂ ತೋಳು ಸಮ ಬರೆದರೆ ಆತ ಚಂದ್ರಶೇಖರ್ ಅಲ್ಲ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದ ಅನಿಲ್ ಕುಂಬ್ಳೆ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡೇ ಬೌಲ್ ಮಾಡಿ ಲಾರಾ ವಿಕೆಟ್ ತೆಗೆದರು. ಮುಖದ ಅರ್ಧ ಮುಚ್ಚಿದ್ದರೂ ಆ ಚಿತ್ರ ಯಾರದೆಂದು ನಮ್ಮಲ್ಲಿ ಯಾರಿಗೂ ಹೇಳಬೇಕಿಲ್ಲ.

ನಮ್ಮೂರವರೇ ಆದ ಚಿತ್ರಕಾರ ಎಸ್.ಎಂ. ಪಂಡಿತ್ (1916–1993) ಬರೆದ ಪುರಾಣಪುರುಷರ ಮೈಕಟ್ಟು ಇಲ್ಲಿನವರ ಕಣ್ಣಲ್ಲಿ ಕೂತುಬಿಟ್ಟಿದೆ. ಪೈಲ್ವಾನನಿಗೂ ಅದೇ ಮೈ ಬೇಕಂತಾರೆ. ಕುಸ್ತಿಯ ಮೈ ಬೇರೆ, ಸ್ವಾಮಿ. ಅಲ್ಲಿ ಕುತ್ತಿಗೆ ದಪ್ಪ, ಹೊಟ್ಟೆಯೂ ಉಂಟು.

ಫೋಟೊ ವಿಷಯ. ಹತ್ತಿರದಿಂದ ಮೊಬೈಲಲ್ಲಿ ತೆಗೆದ ಮುಖದಲ್ಲಿ ಮೂಗು ಉಬ್ಬಿ ಕಿವಿ ಹಿಂದೆ ಸರಿದಿರುತ್ತದೆ. ಎಂಟು ಹತ್ತು ಅಡಿ ದೂರ ನಿಂತು, ಕಿಟಕಿಯ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಆಡುವ ಕೈಗಳದ್ದು ಬೇರೆ ತೆಗೆಯಿರಿ. ಕಪ್ಪು-ಬಿಳುಪು ಫೋಟೊ ಇದ್ದರೆ ಬಣ್ಣವನ್ನು ನನ್ನ ಊಹೆಗೆ ಬಿಡಬೇಡಿ, ಆ ಕಾಲ ಕಂಡವರನ್ನು ಕೇಳಿ. ಒಂದು ಶಾಲೆಯ ಗೋಡೆಯ ಮೇಲೆ ಧ್ಯಾನ್‌ಚಂದ್ ನೀಲಿ ಟರ್ಫ್ ಮೇಲೆ ಆಡುತ್ತಿದ್ದುದನ್ನು ನೋಡಿದ್ದೇನೆ! ಅವರ ಕೊನೆಯ ಒಲಿಂಪಿಕ್ಸ್ 1936ರದು, ಹುಲ್ಲಿನ ಮೇಲೆ. ಒಲಿಂಪಿಕ್ ಹಾಕಿಗೆ ಕೃತಕ ಹಾಸು ಬಂದದ್ದು 1976ರಲ್ಲಿ, ನೀಲಿ ಬಣ್ಣದ್ದು 2012ರಲ್ಲಿ. ಹಾಗೇ 1983ರ ಕಪಿಲ್ ದೇವ್‌ಗೆ ನೀಲಿ ಜರ್ಸಿ ತೊಡಿಸಬೇಡಿ. ಆ ವಿಶ್ವಕಪ್ ಬಿಳಿ ಬಟ್ಟೆಯಲ್ಲೇ ಆಡಿದ್ದು.

ಹಕ್ಕಿನ ಮಾತು ಬಹಳ ಜನರಿಗೆ ಗೊತ್ತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಭಾವಚಿತ್ರದ ಮೊದಲ ಹಕ್ಕುದಾರರು ಬರೆಸಿದವರೇ. ಬೇರೆ ಕರಾರು ಇದ್ದರೆ ಮಾತ್ರ ಬೇರೆ. ಆದ್ದರಿಂದ ಕ್ಯಾಲೆಂಡರಿಗೆ, ಫ್ಲೆಕ್ಸಿಗೆ ಯಾರು ಬಳಸಬಹುದು ಅನ್ನೋದನ್ನು ಮುಂಗಡ ಕೊಡುವಾಗಲೇ ಬರೆದಿಟ್ಟುಕೊಳ್ಳಿ. ಪತ್ರಿಕೆಯಲ್ಲಿ ಬಂದ ಫೋಟೊ ಕೊಟ್ಟು "ಹಿಂಗೇ ಬರೀರಿ" ಅಂದರೆ ನಾನು ಒಪ್ಪುವುದಿಲ್ಲ. ಆ ಫೋಟೊಗೂ ಒಬ್ಬ ಒಡೆಯ ಇರುತ್ತಾನೆ.

ಬರೆಸದೆ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿ, ಮೇಲೆ ಪಾರದರ್ಶಕ ಜೆಲ್ ಬಳಿದು, ಕೈಯಿಂದ ಬರೆದ ಚಿತ್ರವೆಂದು ಮಾರುತ್ತಾರೆ. ಭೂತಗನ್ನಡಿ ಹಿಡಿದರೆ ಶಾಯಿಯ ಚುಕ್ಕೆ ಕಾಣುತ್ತವೆ. ಬ್ರಷ್ಷಿನ ಗೀರು ಒಂದು ಕಡೆ, ಬಣ್ಣದ ಅಂಚು ಇನ್ನೊಂದು ಕಡೆ ಹೋಗಿರುತ್ತದೆ. ಆಟಗಾರರ ಸಹಿ ಇದೆ ಅಂದರೂ, ಅದು ಪ್ರಿಂಟಿನೊಳಗಿನದೋ ಮೇಲೆ ಪೆನ್ನಿನಲ್ಲಿ ಹಾಕಿದ್ದೋ ನೋಡಿ.

ಮನೆಗೆ ಒಯ್ದ ಮೇಲೆ ನಮ್ಮ ಕಡೆ ಚಿತ್ರಕ್ಕೆ ಬಿಸಿಲಿಗಿಂತ ಕೂಲರ್ ಕಾಟ ಜಾಸ್ತಿ. ಬೇಸಿಗೆಯಿಡೀ ತೇವದ ಗಾಳಿ ನೇರ ಬಡಿದರೆ ಕ್ಯಾನ್ವಾಸ್ ಸಡಿಲಾಗಿ ಹಿಂದೆ ಬೂಷ್ಟು ಹಿಡಿಯುತ್ತದೆ. ಕೂಲರ್ ಎದುರಿನ ಗೋಡೆ ಬಿಟ್ಟು ಪಕ್ಕದ ಗೋಡೆಗೆ ಹಾಕಿ. ಎಣ್ಣೆಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಕೊನೆಯ ವಾರ್ನಿಷ್ಷಿಗೆ ಆರು ತಿಂಗಳಾದರೂ ಕಾಯಬೇಕು.

ಆ ಕಾಯುವ ಸಮಯದಲ್ಲೇ ಆಳಂದದ ಚಿತ್ರ ತರಿಸಿಕೊಂಡು ಕಿವಿ ತಿದ್ದಿದೆ, ಆ ಮಡಚಿದ ಫೋಟೊ ನೋಡಿಕೊಂಡು. ಪೇಟ ತೆಗೆಯಲು ಮನೆಯವರು ಒಪ್ಪಲಿಲ್ಲ. ಅದನ್ನು ಒಂದು ಬೆರಳಷ್ಟು ಮೇಲೆ ಸರಿಸಿದೆ, ಎರಡೂ ಕಿವಿ ಕಾಣುವಂತೆ.