ಬೆಳಗ್ಗೆ ಹತ್ತಿ, ಬಿಸಿಲೇರುವಾಗ ಆರುವ ದೀಪ

ಡಿಸೆಂಬರ್‌ನ ಒಂದು ನಸುಕಿನಲ್ಲಿ ಚಿಕ್ಕಮಗಳೂರಿನಿಂದ ಹೊರಟಿದ್ದೆವು. ನಮ್ಮ ಎಸ್‌ಯುವಿಯ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತಿತು. ಕುದುರೆ ಲಾಳದಂಥ ಚಿತ್ರ, ನಡುವೆ ಆಶ್ಚರ್ಯಸೂಚಕ ಚಿಹ್ನೆ: ಟೈರ್‌ನಲ್ಲಿ ಗಾಳಿ ಕಮ್ಮಿಯಾಗಿದೆ ಅನ್ನುವ ಎಚ್ಚರಿಕೆ. ಇಳಿದು ನೋಡಿದರೆ ನಾಲ್ಕೂ ಟೈರ್ ಸರಿಯಾಗಿಯೇ ಕಂಡವು. ಬೇಲೂರು ದಾಟುವಷ್ಟರಲ್ಲಿ ದೀಪ ತಾನಾಗಿಯೇ ಆರಿತು. "ಸೆನ್ಸರ್ ಕೆಟ್ಟಿರಬೇಕು ಬಿಡು" ಅಂದರು ಭಾವ.

ಸೆನ್ಸರ್ ಕೆಟ್ಟಿರಲಿಲ್ಲ. ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ. 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟೈರ್ 10 ಡಿಗ್ರಿ ತಣ್ಣಗಾದರೆ ಸುಮಾರು ಒಂದೂವರೆ ಪಿಎಸ್‌ಐ ಕಳೆದುಕೊಳ್ಳುತ್ತದೆ. ಅಷ್ಟಕ್ಕೇ ದೀಪ ಹತ್ತುವುದಿಲ್ಲ. ಅಮೆರಿಕದ ನಿಯಮದಲ್ಲಿ ಶೇ 25ರಷ್ಟು ಇಳಿದಾಗ ಹತ್ತಬೇಕು, ಅಂದರೆ 33 ಇರಬೇಕಾದಲ್ಲಿ 25ರ ಹತ್ತಿರ. ಮರುದಿನ ಬೆಳಗ್ಗೆ ಗೇಜ್ ಇಟ್ಟೆ. ಹಿಂದಿನ ಎಡಗಡೆಯದು 25ಕ್ಕೆ ಚೂರು ಮೇಲಿತ್ತು. ಅದು ಮೊದಲೇ ಸೊರಗಿತ್ತು, ಚಳಿ ಸುಮ್ನೆ ಗಡಿ ದಾಟಿಸಿತು. ಓಡಿ ಬಿಸಿಯಾದಾಗ ಒತ್ತಡ ಏರಿ ದೀಪ ಆರಿತು, ಅಷ್ಟೆ.

ಈ ದೀಪ ಕಡ್ಡಾಯವಾದದ್ದು ಸಾವುಗಳ ನಂತರ. 2000ದಲ್ಲಿ ಅಮೆರಿಕದ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳ ಫೈರ್‌ಸ್ಟೋನ್ ಟೈರ್‌ಗಳ ವಿಷಯ ದೊಡ್ಡ ಸುದ್ದಿಯಾಯಿತು. ಹೈವೇಯಲ್ಲಿ ಓಡುವಾಗಲೇ ಟೈರಿನ ಮೇಲಿನ ಪದರ ಸಿಪ್ಪೆಯಂತೆ ಕಿತ್ತು ಬರುತ್ತಿತ್ತು, ಗಾಡಿ ಪಲ್ಟಿ ಹೊಡೆಯುತ್ತಿತ್ತು. 200ಕ್ಕೂ ಹೆಚ್ಚು ಜನ ಸತ್ತರು. ಫೈರ್‌ಸ್ಟೋನ್ 65 ಲಕ್ಷ ಟೈರ್ ವಾಪಸ್ ಕರೆಸಿತು. ಟೈರ್‌ನಲ್ಲೇ ದೋಷವಿತ್ತು, ಜತೆಗೆ ಫೋರ್ಡ್ ಸೂಚಿಸಿದ್ದು ಬರೀ 26 ಪಿಎಸ್‌ಐ. ಗಾಳಿ ಕಮ್ಮಿಯಾದ ಟೈರ್ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ. ತಂತಿಯನ್ನು ಬಾಗಿಸಿ ಬಾಗಿಸಿ ಮುರಿಯುವಾಗ ಬೆರಳಿಗೆ ಬಿಸಿ ತಾಗುತ್ತದೆ ಅಲ್ವಾ, ಹಾಗೆ. ಆ ವರ್ಷವೇ ಕಾನೂನು ಬಂತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ದೀಪ ಕಡ್ಡಾಯವಾಯಿತು.

ನಮ್ಮ ಟೈರ್‌ಗಳೂ ಸವೆದಿದ್ದವು. ಅಂಗಡಿಯವರು ದಪ್ಪ ಬಟನ್‌ಗಳ ಆಲ್-ಟೆರೇನ್ ಟೈರ್ ತೋರಿಸಿದರು. ನೋಡಲು ಗತ್ತು. ಆದರೆ ನಮ್ಮ ಗಾಡಿ ಮಣ್ಣಿನ ದಾರಿ ಕಾಣುವುದು ವರ್ಷಕ್ಕೆರಡು ಸಲ. ಉಳಿದ ದಿನವೆಲ್ಲ ಆ ಗುಂಯ್‌ಗುಡುವ ಸದ್ದು, ಮೈಲೇಜ್ ನಷ್ಟ ಯಾರಿಗೆ ಬೇಕು? ಮಾಮೂಲಿ ರಸ್ತೆಯದನ್ನೇ ಕೇಳಿದೆ. 235/65 ಆರ್17 104ಎಚ್: 235 ಮಿ.ಮೀ. ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇ 65, 17 ಇಂಚಿನ ರಿಮ್. 104 ಅಂದರೆ ಒಂದು ಟೈರ್ 900 ಕೆ.ಜಿ. ಹೊರುತ್ತದೆ. ಏಳು ಜನ ತುಂಬಿಕೊಳ್ಳುವ ಗಾಡಿಗೆ, ಅಗ್ಗಕ್ಕೆ ಸಿಕ್ಕಿತೆಂದು ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಸಂಖ್ಯೆಯದು ಹಾಕಿಸಬಾರದು. "ಫ್ರೆಶ್ ಸ್ಟಾಕ್ ಸಾರ್" ಅಂದರು. ಬಗ್ಗಿ ನೋಡಿದರೆ ಪಕ್ಕದಲ್ಲಿ 2319 ಅಂತ ಒತ್ತಿತ್ತು. 2019ರ 23ನೇ ವಾರ ತಯಾರಾದದ್ದು! ಬೇರೆ ತರಿಸಿದರು.

ಒತ್ತಡ ಅಳೆಯುವ ಸೆನ್ಸರ್ ವಾಲ್ವ್‌ನ ಬುಡದಲ್ಲೇ ಕೂತಿರುತ್ತದೆ, ಬಿಚ್ಚುವಾಗ ಲೀವರ್ ತಾಗಿದರೆ ಹೋಯಿತು. ಅದನ್ನು ಮೊದಲೇ ಹೇಳಿದ್ದೆ. ಟೈರ್ ಕೂರಿಸಿದ ಹುಡುಗ "ಎಷ್ಟು ಹಾಕ್ಲಿ?" ಅಂದ. ಡ್ರೈವರ್ ಬಾಗಿಲು ತೆರೆದು, ಕಂಬಕ್ಕೆ ಅಂಟಿಸಿದ ಸ್ಟಿಕ್ಕರ್ ತೋರಿಸಿದೆ: 33. ಟೈರ್ ಮೇಲೆ ಬರೆದ 51 ಅದಕ್ಕೆ ತುಂಬಬಹುದಾದ ಗರಿಷ್ಠ, ನಮ್ಮ ಗಾಡಿಗೆ ಬೇಕಾದ್ದಲ್ಲ.

ಅಷ್ಟರಲ್ಲಿ ಅವನೇ ಕರೆದ. ಹಿಂದಿನ ಎಡಗಡೆಯ ಹಳೇ ಟೈರ್‌ನಲ್ಲಿ, ಬಟನ್‌ಗಳ ನಡುವೆ, ಸವೆದು ಹೊಳೆಯುತ್ತಿದ್ದ ಒಂದು ಮೊಳೆಯ ತಲೆ. ಭಾವನಿಗೆ ಫೋಟೋ ಕಳಿಸಿದೆ.