ಶಾಲೆ ಹಿಂದೆ ಮಣ್ಣು, ಕಲ್ಲು, ಮರದ ಆಟದ ಜಾಗ ಮಾಡಿದರೆ ಮಕ್ಕಳಿಗೆ ಪೆಟ್ಟಾಗಲ್ವಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಸರ್ಕಾರಿ ಶಾಲೆ ಹಿಂದೆ ಒಂದಷ್ಟು ಖಾಲಿ ಜಾಗ ಇದೆ. ಕಬ್ಬಿಣದ ಜಾರುಬಂಡೆ ತರಿಸುವ ಬದಲು ಮಣ್ಣು, ಕಲ್ಲು, ಮರದಲ್ಲೇ ಏನಾದರೂ ಮಾಡೋಣ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತು ಬಂತು. ಮಕ್ಕಳು ಬಿದ್ದರೆ, ಹಾವು ಬಂದರೆ ಯಾರು ಹೊಣೆ ಅಂತ ಪೋಷಕರು ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಧೈರ್ಯವಾಗಿ ಮಾಡಿ. ಮಂಡಿ ತರಚುತ್ತದೆ, ಅದನ್ನು ಮುಚ್ಚಿಡಬೇಡಿ, ಸಭೆಯಲ್ಲೇ ಹೇಳಿಬಿಡಿ. ಮರಕೋತಿ ಆಡಿ ಬೆಳೆದವರೇ ಅಲ್ಲಿ ಕೂತಿರುತ್ತಾರೆ, ಅಲ್ವಾ?

ಪೆಟ್ಟಿನ ವಿಷಯದಲ್ಲಿ ನೋಡಬೇಕಾದ್ದು, ಅಪಾಯ ಮಗುವಿನ ಕಣ್ಣಿಗೆ ಬೀಳುತ್ತದೋ ಇಲ್ಲವೋ ಅನ್ನೋದು. ಹುಣಸೆ ಕೊಂಬೆ ಎಷ್ಟು ಎತ್ತರ ಅಂತ ಮಗುವಿಗೆ ಕಾಣುತ್ತದೆ, ಹೆದರಿಕೆಯಾದರೆ ಇಳಿಯುತ್ತದೆ. ಆದರೆ ನೆಟ್ಟ ಕಂಬದ ಬುಡವನ್ನು ಗೆದ್ದಲು ಒಳಗಿಂದ ತಿಂದಿರೋದು, ಸಂಪಿನ ಮುಚ್ಚಳ ಸಡಿಲವಾಗಿರೋದು, ನೀರು ಬರದೆ ಕೈಬಿಟ್ಟ ಬೋರ್‌ವೆಲ್ ಬಾಯಿ ಹುಲ್ಲಿನಡಿ ತೆರೆದೇ ಇರೋದು, ಇದ್ಯಾವುದೂ ಅದಕ್ಕೆ ಗೊತ್ತಾಗಲ್ಲ. ನಮ್ಮ ಕಡೆ ಬತ್ತಿದ ಬೋರ್‌ವೆಲ್‌ಗಳಿಗೆ ಬರವಿಲ್ಲ. ಹಾಗಾಗಿ ಒಂದು ಗಿಡ ನೆಡುವ ಮೊದಲೇ ಆ ಜಾಗವನ್ನೆಲ್ಲ ನಡೆದು ನೋಡಿ, ಇಂಥವನ್ನು ಭದ್ರವಾಗಿ ಮುಚ್ಚಿಸಿ. ಮರ ಹತ್ತೋದನ್ನು ನಿಲ್ಲಿಸಬೇಡಿ.

ಆಮೇಲೆ ನೆಲ. ಕೈಕಾಲು ಮುರಿಯೋದು ಎತ್ತರ ಒಂದರಿಂದಲೇ ಅಲ್ಲ, ಕೆಳಗೆ ಏನಿದೆ ಅನ್ನೋದೂ ಮುಖ್ಯ. ನಮ್ಮ ಕೆಂಪು ಮಣ್ಣು ಏಪ್ರಿಲ್ ಹೊತ್ತಿಗೆ ಸಿಮೆಂಟಿನಷ್ಟೇ ಗಟ್ಟಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ ಇದಕ್ಕೆ ಲೆಕ್ಕ ಕೊಡುತ್ತದೆ: 9 ಇಂಚು ಮರಳು ಹಾಕಿದರೆ 4 ಅಡಿ ಎತ್ತರದ ಆಟಕ್ಕೆ ಸಾಕು, 9 ಇಂಚು ಮರದ ಚಕ್ಕೆಯಾದರೆ 10 ಅಡಿಯವರೆಗೂ ನಡೆಯುತ್ತದೆ. ಸುತ್ತಲೂ 6 ಅಡಿ ಖಾಲಿ ಬಿಡಬೇಕು. ಮರಳು ದುಬಾರಿ, ಎಂ ಸ್ಯಾಂಡ್ ಅಂತೂ ಬೇಡ, ನಾಲ್ಕು ಮಳೆಗೆ ಅದು ಗಟ್ಟಿ ಕೂತುಬಿಡುತ್ತದೆ. ಸಾಮಿಲ್‌ನಿಂದ ಚಕ್ಕೆ ತನ್ನಿ, ಪುಡಿಯಲ್ಲ. ಏಣಿ, ಕಟಾಂಜನ ಏನೇ ಮಾಡಿದರೂ ಸಂದಿ ಮೂರೂವರೆ ಇಂಚಿಗಿಂತ ಕಡಿಮೆ ಇರಬೇಕು, ಇಲ್ಲ 9 ಇಂಚಿಗಿಂತ ಜಾಸ್ತಿ ಇರಬೇಕು. ನಡುವಿನ ಅಳತೆಯಲ್ಲಿ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ.

ಇನ್ನು ಸಾಮಾನು. ಇದರಲ್ಲಿ ನೀವು ಪುಣ್ಯವಂತರು. ಹಳೇ ದ್ರಾಕ್ಷಿ ತೋಟ ತೆಗೆದವರ ಹತ್ತಿರ ಕಲ್ಲು ಕಂಬ ಇದ್ದರೆ ಕೇಳಿ, ಅಂಚು ಉಜ್ಜಿಸಿ, ನೆಲದಲ್ಲಿ ಅರ್ಧ ಹೂತು ಮಲಗಿಸಿ, ಮಕ್ಕಳು ಅದರ ಮೇಲೆ ತೂಗಾಡಿಕೊಂಡು ನಡೆಯುತ್ತಾರೆ. ರೇಷ್ಮೆ ಮನೆಗಳಲ್ಲಿ ಸೊಪ್ಪು ಮೇಯಿಸಿ ಉಳಿದ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತದೆ, ಅದರಲ್ಲಿ ಮಕ್ಕಳು ಗುಡಿಸಲು ಕಟ್ಟುತ್ತಾರೆ, ಬೇಲಿ ಹಾಕುತ್ತಾರೆ, ಕೆಡವುತ್ತಾರೆ, ಮತ್ತೆ ಕಟ್ಟುತ್ತಾರೆ. (ಹುಳ ಸಾಯುತ್ತದೆ ಅಂತ ರೈತರು ಆ ಸೊಪ್ಪಿಗೆ ಔಷಧಿ ಹೊಡೆಯೋಕೆ ಹೆದರುತ್ತಾರೆ, ನಮಗೆ ಅದೂ ಒಳ್ಳೆಯದೇ.) ನನ್ನನ್ನು ಕೇಳಿದರೆ ಇಡೀ ಅಂಗಳದಲ್ಲಿ ಜಾಸ್ತಿ ಆಡಿಸಿಕೊಳ್ಳೋದು ಈ ಕಡ್ಡಿಗಳೇ. ಡೆನ್ಮಾರ್ಕಿನ ಸಿ.ಟಿ. ಸೋರೆನ್ಸನ್ ಅನ್ನುವ ಉದ್ಯಾನ ವಿನ್ಯಾಸಕರು ತಾವು ಮಾಡಿಕೊಟ್ಟ ಚೆಂದದ ಮೈದಾನ ಬಿಟ್ಟು ಮಕ್ಕಳು ಬೇರೆಲ್ಲ ಕಡೆ, ಕಟ್ಟಡ ಕಟ್ಟುವ ಜಾಗದಲ್ಲೂ ಆಡೋದನ್ನು ಗಮನಿಸಿದ್ದರು. ಅವರ ಆಲೋಚನೆಯಂತೆಯೇ 1943ರಲ್ಲಿ ಕೋಪನ್‌ಹೇಗನ್‌ನ ಎಮ್‌ಡ್ರಪ್‌ನಲ್ಲಿ ಹಲಗೆ, ಇಟ್ಟಿಗೆ, ಹಗ್ಗ ಸುಮ್ನೆ ಬಿಟ್ಟ ಆಟದ ಜಾಗ ಶುರುವಾಯಿತು. ಮುಂದೆ ಲಂಡನ್ ಥರದ ಊರುಗಳೂ ಅದನ್ನೇ ಹಿಡಿದವು.

ಒಂದು ಮಣ್ಣಿನ ದಿಬ್ಬ ಇರಲಿ. ಕೆರೆ ಹೂಳು ಪುಕ್ಕಟೆ ಸಿಗುತ್ತದೆ ಅಂತ ತರಬೇಡಿ. ಎಚ್‌ಎನ್ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬಿಸಿಕೊಂಡ ಕೆರೆಯಾದರೆ ನಾನಂತೂ ಆ ಹೂಳಲ್ಲಿ ಮಕ್ಕಳನ್ನು ಬಿಡಲ್ಲ. ಹೊಲದ ಮಣ್ಣೇ ಸಾಕು.

ಮಣ್ಣಲ್ಲಿ ಆಡಿದರೆ ಕಾಯಿಲೆ ಬರುತ್ತೆ ಅನ್ನುವವರೂ ಇರುತ್ತಾರೆ. ಫಿನ್‌ಲೆಂಡಿನ ಸಂಶೋಧಕರು ಕೆಲವು ಶಿಶುವಿಹಾರಗಳ ಜಲ್ಲಿ ಹಾಸಿದ ಅಂಗಳಕ್ಕೆ ಕಾಡಿನ ನೆಲ, ಹುಲ್ಲು ತಂದು ಹಾಸಿದರು. 3ರಿಂದ 5 ವರ್ಷದ ಮಕ್ಕಳು 28 ದಿನ ಅಲ್ಲಿ ಆಡಿದ ಮೇಲೆ ನೋಡಿದರೆ, ಅವರ ಚರ್ಮದ ಮೇಲೆ ಬಗೆಬಗೆಯ ಸೂಕ್ಷ್ಮಜೀವಿಗಳು ಹೆಚ್ಚಿದ್ದವು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆ ಹತೋಟಿಯಲ್ಲಿರುವ ಲಕ್ಷಣಗಳೂ ಕಂಡವು. 2020ರಲ್ಲಿ ಪ್ರಕಟವಾದ ಅಧ್ಯಯನ ಅದು. ಒಟ್ಟು 75 ಮಕ್ಕಳನ್ನಷ್ಟೇ ನೋಡಿದ್ದು, ಅದನ್ನೂ ಹೇಳಿ. ಬೀದಿ ನಾಯಿ ಮರಳಲ್ಲಿ ಗಲೀಜು ಮಾಡೋದು ಮಾತ್ರ ನಿಜವಾದ ತೊಂದರೆ. ಸಂಜೆ ಮೇಲೆ ಬಲೆ ಹೊದಿಸಿ, ಆಟ ಮುಗಿಸಿದವರಿಗೆ ಸೋಪಿನಲ್ಲಿ ಕೈ ತೊಳೆಸಿ.

ಹಾವು ಬರೋದು ಗಿಡ ನೋಡಿ ಅಲ್ಲ, ಇಲಿಗೆ ಮತ್ತು ಸಂದಿಗೆ. ಬಿಸಿಯೂಟದ ಅನ್ನ ಹಿಂದೆ ಚೆಲ್ಲೋದು ನಿಲ್ಲಬೇಕು. ಕಲ್ಲುಗಳನ್ನು ಸಡಿಲವಾಗಿ ಪೇರಿಸಿದರೆ ಚೇಳು ಸೇರುತ್ತದೆ, ಆದ್ದರಿಂದ ದೊಡ್ಡ ಕಲ್ಲು ಬಳಸಿ, ಸಂದಿ ಮುಚ್ಚಿ. ಕಡ್ಡಿ ರಾಶಿ ಗೋಡೆಗೆ ಒರಗಿಸದೆ ನೆಲದಿಂದ ಎತ್ತರಕ್ಕೆ ಇಡಿ.

ನೆರಳಿಗೆ ಹೊಂಗೆ, ಬೇವು. ಹೊಂಗೆಗೆ ಮೇಕೆ ಅಷ್ಟಾಗಿ ಬಾಯಿ ಹಾಕಲ್ಲ, ನಮ್ಮ ಬಿಸಿಲಿಗೂ ಬಗ್ಗಲ್ಲ. ಹಣ್ಣಿಗೆ, ಹಕ್ಕಿಗೆ ಗಸಗಸೆ ಮರ. ಹತ್ತೋಕೆ ಹುಣಸೆಗಿಂತ ಗಟ್ಟಿ ಬೇಕಾ? ನುಗ್ಗೆ ಮಾತ್ರ ಆಟದ ಹತ್ತಿರ ಬೇಡ, ಕೊಂಬೆ ಲಟಕ್ಕನೆ ಮುರಿಯುತ್ತದೆ. ಕಣಗಿಲೆ, ಉಮ್ಮತ್ತಿ, ಹರಳು, ಕಾಡುಹರಳು, ಗುಲಗಂಜಿ ಇದ್ದರೆ ಬೇರುಸಹಿತ ಕಿತ್ತು ಹಾಕಿ, ಎಲ್ಲವೂ ವಿಷ. ಪಾರ್ಥೇನಿಯಂ ಹೂಬಿಡುವ ಮೊದಲೇ ಕೀಳಿ, ಕೈಗೆ ಕವಚ ಹಾಕಿಕೊಂಡು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಸಿ ನೆಡಿ, ದಿಬ್ಬ ಮತ್ತು ಕಲ್ಲಿನ ಕೆಲಸ ಬೇಸಿಗೆ ರಜೆಯಲ್ಲೇ ಮುಗಿಸಿ. ಆಮೇಲೆ ವಾರಕ್ಕೊಮ್ಮೆ ಒಬ್ಬರು ಕಂಬ ಅಲ್ಲಾಡಿಸಿ, ಹಗ್ಗ ಎಳೆದು, ಚಕ್ಕೆ ಎಷ್ಟು ಆಳ ಇದೆ ಅಂತ ಕಡ್ಡಿ ಚುಚ್ಚಿ ನೋಡಬೇಕು. ಆ ಕೆಲಸ ಮೇಷ್ಟ್ರ ತಲೆಗೇ ಕಟ್ಟಬೇಡಿ. ಹೊಣೆ ಯಾರು ಅಂತ ಕೇಳಿದ ಪೋಷಕರಲ್ಲೇ ಇಬ್ಬರ ಹೆಸರನ್ನು ಅದೇ ಸಭೆಯಲ್ಲಿ ಬರೆದುಕೊಳ್ಳಿ.