ಗ್ರಾಮಸಭೆ: ಪಂಚಾಯ್ತಿಯದ್ದಲ್ಲ, ಹಾಡಿಯದ್ದು

ಗ್ರಾಮಸಭೆ ಅಂದರೆ ನಮಗೆಲ್ಲ ಗೊತ್ತಿರುವುದೇ. ಪಂಚಾಯ್ತಿ ಕಟ್ಟಡದ ಮುಂದೆ ಶಾಮಿಯಾನ, ಒಂದು ಮೈಕು, ಇಲಾಖೆಗೊಬ್ಬ ಅಧಿಕಾರಿ. ಮನೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬ ಜಗಳ. ಕೊನೆಗೆ ನಡಾವಳಿ ಪುಸ್ತಕಕ್ಕೆ ಸಹಿ. ಜನ ಸೇರಲಿಲ್ಲ ಎಂದು ಮುಂದಕ್ಕೆ ಹಾಕಿದ ಸಭೆಗಳಿಗೂ ಲೆಕ್ಕವಿಲ್ಲ.

ನಾಗರಹೊಳೆಯ ಜೇನುಕುರುಬರೋ ಬಿಳಿಗಿರಿರಂಗನ ಬೆಟ್ಟದ ಸೋಲಿಗರೋ ‘ನಮ್ಮ ಗ್ರಾಮಸಭೆ’ ಎಂದಾಗ ಅದು ಈ ಸಭೆ ಅಲ್ಲ. ಹೆಸರು ಒಂದೇ, ಸಭೆ ಬೇರೆ. ಎರಡನ್ನೂ ಒಂದೇ ಎಂದುಕೊಂಡರೆ ಕಾಡಿನ ಹಕ್ಕಿನ ಗಲಾಟೆ ಅರ್ಥವೇ ಆಗುವುದಿಲ್ಲ.

ಈ ಎರಡನೇ ಗ್ರಾಮಸಭೆ ಹುಟ್ಟಿದ್ದು 2006ರ ಅರಣ್ಯ ಹಕ್ಕು ಕಾಯ್ದೆಯಿಂದ. ಕಾಡಿನಲ್ಲಿ ಬದುಕುತ್ತ ಬಂದವರಿಗೆ ಅಲ್ಲಿನ ಜಮೀನಿನ ಮೇಲೆ, ಕಾಡಿನ ಬಳಕೆಯ ಮೇಲೆ ಹಕ್ಕು ಕೊಡುವ ಕಾಯ್ದೆ ಅದು. ಆ ಕಾಯ್ದೆಯ ಪ್ರಕಾರ ಗ್ರಾಮಸಭೆ ಎಂದರೆ ಒಂದು ಊರಿನ ವಯಸ್ಕರೆಲ್ಲ ಸೇರುವ ಸಭೆ. ಹೆಂಗಸರು ಯಾವ ಅಡ್ಡಿಯೂ ಇಲ್ಲದೆ ಪೂರ್ತಿಯಾಗಿ ಪಾಲ್ಗೊಳ್ಳಬೇಕು. ಇಲ್ಲಿಯವರೆಗೆ ಹೊಸದೇನೂ ಇಲ್ಲ. ಹೊಸದು ಇರುವುದು ‘ಊರು’ ಎಂಬ ಮಾತಿನಲ್ಲಿ. ಅರಣ್ಯ ಗ್ರಾಮ, ಹಳೇ ವಾಸದ ನೆಲೆ, ಅಳತೆಯೇ ಆಗದ ಊರು, ಇವೆಲ್ಲವೂ ಊರೇ ಎನ್ನುತ್ತದೆ ಕಾಯ್ದೆ. ಸರ್ಕಾರ ಅದನ್ನು ಗ್ರಾಮ ಎಂದು ಘೋಷಿಸಿರಲಿ, ಬಿಡಲಿ. ಅಂದರೆ ಕಂದಾಯ ನಕ್ಷೆಯಲ್ಲಿ ಒಂದು ಚುಕ್ಕೆಯೂ ಇಲ್ಲದ ಹಾಡಿ ಈ ಕಾಯ್ದೆಯ ಕಣ್ಣಿಗೆ ಊರಾಗಿ ಕಾಣುತ್ತದೆ.

ಹಾಡಿ ಎಂಬ ಪದದ ಬಗ್ಗೆಯೂ ಒಂದು ಮಾತು. ಕುಂದಾಪುರದ ಕಡೆ ಹಾಡಿ ಎಂದರೆ ಮರಗಿಡ ದಟ್ಟವಾಗಿರುವ ಜಾಗ. ಮೈಸೂರು, ಕೊಡಗಿನ ಕಡೆ ಅದು ಜೇನುಕುರುಬ, ಬೆಟ್ಟಕುರುಬ, ಯರವರ ವಾಸದ ನೆಲೆ. ಚಾಮರಾಜನಗರದ ಸೋಲಿಗರು ತಮ್ಮ ನೆಲೆಯನ್ನು ಪೋಡು ಎನ್ನುತ್ತಾರೆ. ಜಮೀನು ಭಾಗ ಮಾಡಿ ಬೇರೆ ನಂಬರು ಕೊಡುವ ಸರ್ವೆ ಇಲಾಖೆಯ ‘ಪೋಡಿ’ಗೂ ಇದಕ್ಕೂ ಸಂಬಂಧ ಇಲ್ಲ. ಪೋಡಿ ಆಗಬೇಕಾದರೆ ಮೊದಲು ಸರ್ವೆ ನಂಬರಾದರೂ ಇರಬೇಕಲ್ವಾ!

ಪಂಚಾಯ್ತಿಯ ಸಭೆಯನ್ನೇ ಯಾಕೆ ಬಳಸಿಕೊಳ್ಳಲಿಲ್ಲ? ಲೆಕ್ಕ ಸುಲಭ. ಒಂದು ಪಂಚಾಯ್ತಿಗೆ ಹಲವು ಹಳ್ಳಿ, ಸಾವಿರಾರು ಮತದಾರರು. ಅದರೊಳಗೆ ನಲವತ್ತು ಮನೆಯ ಒಂದು ಹಾಡಿ. ಅಂಥ ಸಭೆಯಲ್ಲಿ ಹಾಡಿಯವರು ಕೈ ಎತ್ತಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇರೆ ಕೆಲವು ರಾಜ್ಯಗಳಲ್ಲಿ ಬುಡಕಟ್ಟು ಜನರಿಗಾಗಿ ಗುರುತಿಸಿದ, ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿವೆ. ಅಲ್ಲಿನ ಬುಡಕಟ್ಟು ಊರುಗಳಿಗೆ, ಆ ಪ್ರದೇಶಗಳಿಗೆ ಪಂಚಾಯ್ತಿ ವ್ಯವಸ್ಥೆ ತಂದ 1996ರ ಪೆಸಾ ಕಾಯ್ದೆಯ ಬಲವೂ ಇದೆ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ, ಹಾಗಾಗಿ ಪೆಸಾ ಕೂಡ ಇಲ್ಲ. ನಮ್ಮ ಹಾಡಿಗಳಿಗೆ ಕಾಡಿನ ವಿಷಯದಲ್ಲಿ ಕೂತು ತೀರ್ಮಾನ ಮಾಡುವ ಅಧಿಕಾರ ಸಿಕ್ಕಿರುವುದು ಅರಣ್ಯ ಹಕ್ಕು ಕಾಯ್ದೆಯಿಂದ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ರಿಟಿಷರು 1865, 1878, 1927ರಲ್ಲಿ ಒಂದರ ಮೇಲೊಂದು ಅರಣ್ಯ ಕಾನೂನು ತಂದರು. ಕಾಡಿಗೆ ಗೆರೆ ಎಳೆದರು. ಗೆರೆಯ ಒಳಗೆ ತಲೆಮಾರುಗಳಿಂದ ಇದ್ದವರ ಹಕ್ಕನ್ನು ಸರಿಯಾಗಿ ಬರೆದುಕೊಳ್ಳುವ ಗೋಜಿಗೆ ಬಹಳ ಕಡೆ ಹೋಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಕಡತ ಹಾಗೇ ಮುಂದುವರಿಯಿತು. ತಾತನ ಸಮಾಧಿ ಇರುವ ಜಾಗದಲ್ಲೇ ಮೊಮ್ಮಗ ‘ಒತ್ತುವರಿದಾರ’ ಆದ. 2006ರ ಕಾಯ್ದೆಯ ಪೀಠಿಕೆ ಇದನ್ನು ‘ಐತಿಹಾಸಿಕ ಅನ್ಯಾಯ’ ಎಂದೇ ಕರೆದಿದೆ. ಸರ್ಕಾರ ತನ್ನ ತಪ್ಪನ್ನು ಕಾನೂನಿನ ಪುಟದಲ್ಲೇ ಒಪ್ಪಿಕೊಳ್ಳುವುದು ದಿನಾ ಆಗುವ ಕೆಲಸವಲ್ಲ.

ಈ ಸಭೆಗೆ ನಿಜವಾದ ಕೆಲಸವೂ ಇದೆ. ಹಕ್ಕಿನ ಅರ್ಜಿ ಶುರುವಾಗುವುದೇ ಇಲ್ಲಿಂದ, ಕಚೇರಿಯಿಂದಲ್ಲ. ಗ್ರಾಮಸಭೆ ಮೊದಲು ತನ್ನೊಳಗಿನ ಹತ್ತರಿಂದ ಹದಿನೈದು ಜನರನ್ನು ಅರಣ್ಯ ಹಕ್ಕು ಸಮಿತಿಗೆ ಆರಿಸುತ್ತದೆ. ಸಮಿತಿ ಅರ್ಜಿ ಪಡೆದು, ಜಾಗಕ್ಕೆ ಹೋಗಿ ನೋಡಿ, ನಕ್ಷೆ ಮಾಡಿ ಸಭೆಯ ಮುಂದೆ ಇಡುತ್ತದೆ. ಸಭೆ ಠರಾವು ಮಾಡುತ್ತದೆ. ಅಲ್ಲಿಂದ ಅದು ಉಪವಿಭಾಗ ಮಟ್ಟದ ಸಮಿತಿಗೆ, ಆಮೇಲೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. 2012ರ ತಿದ್ದುಪಡಿ ನಿಯಮದ ಪ್ರಕಾರ ಕೋರಂಗೆ ಸಭೆಯ ಅರ್ಧದಷ್ಟು ಸದಸ್ಯರು ಬೇಕು. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಇಷ್ಟು ಜನ ಪಂಚಾಯ್ತಿ ಮಟ್ಟದಲ್ಲಿ ಸೇರುವುದು ಎಷ್ಟು ಕಷ್ಟ ಎಂದು ನೋಡಿದವರಿಗೆ ಗೊತ್ತು. ಹಾಡಿಯ ಮಟ್ಟದಲ್ಲಿ ಅದು ಆಗುವ ಮಾತು.

ನನಗೆ ತುಂಬ ಇಷ್ಟವಾಗುವುದು ಸಾಕ್ಷಿಯ ನಿಯಮ. ಪಹಣಿ, ಪಟ್ಟೆ ಇದ್ದರೆ ತರಲಿ. ಇಲ್ಲವಾದರೆ ಹಳೇ ಬಾವಿ ಸಾಕ್ಷಿ, ಸಮಾಧಿ ಸಾಕ್ಷಿ, ದೇವರ ಜಾಗ ಸಾಕ್ಷಿ. ಅರ್ಜಿದಾರರಲ್ಲದ ಹಿರಿಯರು ಹೇಳಿದ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿ. ಇಂಥವು ಒಂದಕ್ಕಿಂತ ಜಾಸ್ತಿ ಇರಬೇಕು, ಅಷ್ಟೇ. ಸೋಲಿಗರಲ್ಲಿ ಕುಲಕ್ಕೊಂದು ‘ಎಲ್ಲೆ’, ಅಂದರೆ ಆ ಕುಲದ ಪಾಲಿನ ಕಾಡು ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ನೆಲೆಗಳು. ಅಜ್ಜಂದಿರು ಮುಂದೆ ನಡೆದು ತೋರಿಸಿ, ಜೊತೆಗಿದ್ದವರು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡು, ಇವು ನಕ್ಷೆಗೆ ಇಳಿದವು. ಕಾಗದವೇ ಇಲ್ಲದವರ ಕೈಗೆ ಹೀಗೆ ಕಾಗದ ಬಂತು.

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಚದುರಿದ್ದ ಪೋಡುಗಳನ್ನು ಎಬ್ಬಿಸಿ ಒಂದೆಡೆ ಸೇರಿಸಿದರು. ಬೇಸಾಯಕ್ಕೆ ಜಾಗ ಬದಲಿಸುವುದು ನಿಂತಿತು. 2006ರಿಂದ ಜೇನು, ನೆಲ್ಲಿಕಾಯಿ, ಕಲ್ಲುಹೂವು ಕಿತ್ತು ಮಾರುವುದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅದೇ ವರ್ಷ ಅಕ್ಟೋಬರ್ 2ರಂದು ಅಲ್ಲಿನ 25 ಗ್ರಾಮಸಭೆಗಳಿಗೆ ಕಾಡನ್ನು ಎಲ್ಲರೂ ಒಟ್ಟಾಗಿ ಬಳಸಿಕೊಳ್ಳುವ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಹಕ್ಕುಪತ್ರ ಬಂದಿದ್ದು ಗ್ರಾಮಸಭೆಯ ಹೆಸರಿಗೆ, ಯಾವ ಒಬ್ಬನ ಹೆಸರಿಗೂ ಅಲ್ಲ.

ಈ ಸಭೆ ‘ಬೇಡ’ ಎಂದರೆ ಏನಾಗುತ್ತದೆ ಎಂಬುದನ್ನು ಒಡಿಶಾದ ನಿಯಮಗಿರಿ ತೋರಿಸಿತು. ಅದು ಡೋಂಗ್ರಿಯಾ ಕೊಂಧ ಬುಡಕಟ್ಟಿನವರ ಬೆಟ್ಟ, ಅವರ ದೇವರು ನಿಯಮ ರಾಜ ಇರುವುದು ಅದರ ನೆತ್ತಿಯಲ್ಲಿ. ಬೆಟ್ಟದ ಬಾಕ್ಸೈಟ್ ತೆಗೆದು ವೇದಾಂತ ಕಂಪನಿಯ ಕಾರ್ಖಾನೆಗೆ ಕೊಡುವ ಯೋಜನೆ ಇತ್ತು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಅಲ್ಲಿನ ಗ್ರಾಮಸಭೆಗಳನ್ನೇ ಕೇಳಿ ಎಂದಿತು. ರಾಜ್ಯ ಸರ್ಕಾರ ಆರಿಸಿದ್ದು 12 ಊರು ಮಾತ್ರ. ಬೆಟ್ಟದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಊರುಗಳಿದ್ದವು, ಇದಕ್ಕೆ ಅಲ್ಲಿನವರಿಗೆ ಬೇಸರವೂ ಆಯಿತು. ನ್ಯಾಯಾಧೀಶರ ಎದುರಿಗೇ ಒಂದೊಂದಾಗಿ ಸಭೆ ನಡೆದವು. ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವೂ ಅನುಮತಿ ಇಲ್ಲ ಎಂದಿತು.

ಎಲ್ಲ ಕಡೆ ಹೀಗೇ ಆಗುತ್ತದೆ ಎಂದುಕೊಳ್ಳಬೇಡಿ. ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಕೊಡುವ ಮೊದಲು ಗ್ರಾಮಸಭೆಯ ಒಪ್ಪಿಗೆ ಬೇಕು ಎಂದು ಕೇಂದ್ರ 2009ರಲ್ಲೇ ಸುತ್ತೋಲೆ ಹೊರಡಿಸಿತ್ತು. 2022ರ ಅರಣ್ಯ ಸಂರಕ್ಷಣಾ ನಿಯಮಗಳು ಆ ಜವಾಬ್ದಾರಿಯನ್ನು ರಾಜ್ಯ ಸರ್ಕಾರದ ಕಡೆಗೆ ತಳ್ಳಿದವು. ಅದೂ ಕೇಂದ್ರದ ಅನುಮತಿ ಸಿಕ್ಕಮೇಲಿನ ಹಂತಕ್ಕೆ. ಒಪ್ಪಿಗೆಯನ್ನು ಕೆಲಸದ ಮೊದಲು ಕೇಳುವುದಕ್ಕೂ ಎಲ್ಲ ಮುಗಿದ ಮೇಲೆ ಕೇಳುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಹೆಣ್ಣು ಕೊಟ್ಟವರನ್ನು ಕೇಳಿದರೆ ಹೇಳುತ್ತಾರೆ.

ಅಂಗನವಾಡಿ, ರಸ್ತೆಯಂಥ ಸಣ್ಣ ಸಂಗತಿಗೂ ಈ ಸಭೆ ಬೇಕು. ಕಾಡಿನೊಳಗಿನ ಹಾಡಿಗೆ ಕರೆಂಟ್ ಕಂಬ ನೆಡಬೇಕೆಂದರೂ ‘ಅರಣ್ಯ ಜಾಗ’ ಎಂದು ಫೈಲು ನಿಲ್ಲುವುದು ಹಳೇ ಕಥೆ. ಕಾಯ್ದೆಯ 3(2)ನೇ ಕಲಂನಲ್ಲಿ ಇದಕ್ಕೊಂದು ದಾರಿ ಇದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ರಸ್ತೆ, ಕುಡಿಯುವ ನೀರು, ಹೀಗೆ 13 ಸೌಲಭ್ಯಗಳಿಗೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು. ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯಬಾರದು. ಇನ್ನೊಂದು ಷರತ್ತು, ಗ್ರಾಮಸಭೆ ಶಿಫಾರಸು ಮಾಡಬೇಕು. ಹಾಡಿಯಲ್ಲಿ ಸಭೆಯೇ ರಚನೆಯಾಗಿಲ್ಲ ಎಂದರೆ ಶಿಫಾರಸು ಮಾಡುವವರು ಯಾರು?

ಕಾಡು ಬಿಟ್ಟು ಹೊರಗೆ ಹೋಗಿ ಎನ್ನುವಾಗಲೂ ಇದೇ ಸಭೆ ಬೇಕು. ಹುಲಿ ಸಂರಕ್ಷಿತ ಪ್ರದೇಶದಿಂದ ಹೊರಡುವ ಕುಟುಂಬಕ್ಕೆ ಕೊಡುವ ಪ್ಯಾಕೇಜು 2021ರಿಂದ 15 ಲಕ್ಷ ರೂಪಾಯಿ, ಅದಕ್ಕೂ ಮೊದಲು 10 ಲಕ್ಷ ಇತ್ತು. ಮನೆಯವರು ಸಹಿ ಹಾಕಿದರೆ ಸಾಲದು, ಗ್ರಾಮಸಭೆಯೂ ಎಲ್ಲ ತಿಳಿದುಕೊಂಡು ಮನಸಾರೆ ಒಪ್ಪಬೇಕು. ಅರ್ಜಿಗಳ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಕಾಯ್ದೆ ಬರುವ ಮುಂಚೆಯೇ ಹೊರಬಿದ್ದವರ ಕಥೆ ಬೇರೆ. ಹೈಕೋರ್ಟ್ ಮೊಕದ್ದಮೆಯೊಂದರಲ್ಲಿ ನೇಮಕವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆ ಸುತ್ತಿನಿಂದ ಹೀಗೆ ನೆಲೆ ಕಳೆದುಕೊಂಡ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕು ಎಂದಿತು.

2025ರ ಮೇ ತಿಂಗಳಲ್ಲಿ ಜೇನುಕುರುಬರ ಐವತ್ತಕ್ಕೂ ಹೆಚ್ಚು ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೇ ಹಾಡಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸು ನಡೆದವು. ಅರಣ್ಯ ಇಲಾಖೆ ಇದು ಅಕ್ರಮ ಪ್ರವೇಶ ಎಂದಿತು. ಇದು ನಮ್ಮ ಗ್ರಾಮಸಭೆಯ ಜಾಗ ಎಂದರು ಅವರು.